ಉಪ್ಪು ಬಿಟ್ಟ ಮೂವತ್ತೆಂಟು ದಿನ

ಆ ದಿನ ಬೆಳಿಗ್ಗೆಯೂ ನಾನು ಯಾವತ್ತಿನ ಹಾಗೆ ಬಾವಿಯಿಂದ ಎರಡು ಕೊಡ ನೀರು ಸೇದಿ, ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿ, ಕುಚ್ಚಲಕ್ಕಿ ಗಂಜಿ ಬೇಯಲು ಇಟ್ಟು, ಅಂಗಳದ ಅಬ್ಬಲಿಗೆ ಹೂ ಕೊಯ್ದುಕೊಂಡು ಒಳಗೆ ಬಂದೆ. ಗಂಜಿ ಬೆಂದ ಮೇಲೆ ನನ್ನ ಪಾಲನ್ನು ಒಂದು ಸಣ್ಣ ಬಟ್ಟಲಿಗೆ ಬಡಿಸಿ ಒಲೆಯ ಹಿಂದೆ ಅಡಗಿಸಿಟ್ಟೆ. ಉಳಿದದ್ದಕ್ಕೆ ಉಪ್ಪು ಹಾಕಿ ಕದಡಿ ಇವರಿಗೆ ಬಡಿಸಿದೆ. ಇವರು ಗಂಜಿ ಉಂಡು ಪೇಪರಿನ ಹಿಂದೆ ಮರೆಯಾದ ಮೇಲೆ ಗೋಡೆಗೆ ಒರಗಿ ನನ್ನ ಸಪ್ಪೆ ಗಂಜಿ ಕುಡಿದು, ಬಿಳಿ ಮಾತ್ರೆ ನುಂಗಿ, ಹೂ ಕಟ್ಟಲು ಕೂತೆ. ಬಾಳೆಯ ನಾರು ಹೂವಿನ ಕೊರಳಿಗೆ ಸಿಗಲಿಲ್ಲ. ಮತ್ತೆ ಸುತ್ತಿದೆ, ಸಿಗಲಿಲ್ಲ. ಬೆರಳುಗಳು ಬೇರೆ ಯಾರದೋ ಹಾಗೆ ನಡುಗುತ್ತಿದ್ದವು.

ಅದು ಎಂಬತ್ತರ ಆಚೆಯ ಒಂದು ಮೇ ತಿಂಗಳು. ನಾವಾಗ ಕಡಿಯಾಳಿಯಲ್ಲಿ ದೇವಸ್ಥಾನದ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದೆವು. ಇವರು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ಇಷ್ಟೆಲ್ಲ ಈಗ ನೆನಪಾಗಲು ಕಾರಣ, ಮೊನ್ನೆ ಅಟ್ಟ ಗುಡಿಸುವಾಗ ಕೈಗೆ ಸಿಕ್ಕ ಹಳೆಯ ಉಪ್ಪಿನ ಮರಿಗೆ. ಹಲಸಿನ ಮರದಲ್ಲಿ ಕೊರೆದು ಮಾಡಿದ ಡಬ್ಬಿ ಅದು. ಕಲ್ಲುಪ್ಪು ಹಾಕಿಟ್ಟರೆ ಮಳೆಗಾಲದಲ್ಲಿ ತನ್ನಷ್ಟಕ್ಕೆ ಅಳುತ್ತಾ ಕೂತಿರುತ್ತದೆ. ಮುಚ್ಚಳ ತೆಗೆದು ಮೂಸಿದೆ. ನೀವು ನಗಬೇಡಿ, ಖಾಲಿ ಮರಿಗೆಯೂ ಉಪ್ಪು ಉಪ್ಪೇ ನಾರುತ್ತದೆ.

ನನಗಿರುವ ಕಾಯಿಲೆಗೆ ಈಗ ಬೈಪೋಲಾರ್ ಎನ್ನುತ್ತಾರೆ. ಆಗ ಮಣಿಪಾಲದ ಡಾಕ್ಟರು ಮ್ಯಾನಿಕ್ ಡಿಪ್ರೆಶನ್ ಎಂದಿದ್ದರು. ಸಂಬಂಧಿಕರು ಏನೂ ಎನ್ನುತ್ತಿರಲಿಲ್ಲ, ನಾನು ಒಳಗೆ ಹೋದ ಮೇಲೆ ಎನ್ನುತ್ತಿದ್ದರು. ಕಾಯಿಲೆ ಯಾವ ಕಡೆಗೆ ವಾಲುತ್ತದೆ ಎನ್ನುವುದನ್ನು ಮೊದಲು ಹೇಳುವುದು ನಿದ್ರೆ. ಏಳು ಗಂಟೆಯ ನಿದ್ರೆ ಐದಕ್ಕಿಳಿದು, ಐದು ಮೂರಕ್ಕಿಳಿದರೆ ಲೋಕವೆಲ್ಲ ಬಹಳ ಚಂದ ಕಾಣಲು ಶುರುವಾಗುತ್ತದೆ. ಒಂದು ಬೇಸಿಗೆಯಲ್ಲಿ ಹಾಗೆ ಚಂದ ಕಂಡಾಗ ಬೆಳಗಿನ ಜಾವ ಎದ್ದು ಹಲಸಿನ ಹಪ್ಪಳ ಮಾಡಲು ಕೂತೆ. ಬೆಳಕು ಹರಿಯುವಾಗ ನಮ್ಮ ಅಂಗಳ ಮುಗಿದು, ಪಕ್ಕದ ಮನೆಯ ಅಂಗಳ ಮುಗಿದು, ಓಣಿಯ ಕಟ್ಟೆಯ ಮೇಲೂ ಹಪ್ಪಳ. ದೇವಸ್ಥಾನಕ್ಕೆ ಹೊರಟವರು ಸೀರೆ ಎತ್ತಿ ಹಿಡಿದು ಹಪ್ಪಳದ ನಡುವೆ ಹೆಜ್ಜೆ ಹುಡುಕುತ್ತಾ ಹೋದರು. ಒಂದು ವರ್ಷ ಇಡೀ ಓಣಿ ನನ್ನ ಹಪ್ಪಳ ತಿಂದಿತು. ಹಪ್ಪಳಕ್ಕೆ ಖಾರ ಸ್ವಲ್ಪ ಕಡಿಮೆಯಾಗಿತ್ತು ಎಂದು ದೂರು ಕೂಡ ಬಂತು. ಆಮೇಲೆ ಬರುವುದು ಇನ್ನೊಂದು ಮಗ್ಗುಲು. ಆಗ ಬಾಚಣಿಗೆ ಎತ್ತುವುದೂ ಒನಕೆ ಎತ್ತಿದಷ್ಟು ಕಷ್ಟ.

ಹಪ್ಪಳದ ಕಥೆಗೆ ನಗಬಹುದು. ಆ ವರ್ಷದ ಜನವರಿಯಲ್ಲಿ ನಡೆದದ್ದಕ್ಕೆ ನಗಲಾಗುವುದಿಲ್ಲ. ನಾಲ್ಕು ದಿನ ನಿದ್ರೆಯಿಲ್ಲದೆ ಇದ್ದ ಮೇಲೆ ಒಂದು ಬೆಳಿಗ್ಗೆ, ಮಗಳು ವೀಣಾಳಿಗೆ ಸಮುದ್ರ ತೋರಿಸಲೇಬೇಕು ಎಂದು ಮೊದಲ ಬಸ್ಸಿಗೆ ಅವಳನ್ನು ಹತ್ತಿಸಿ ನನ್ನ ತವರಾದ ಕಾಪುವಿಗೆ ಹೊರಟುಬಿಟ್ಟೆ. ಯಾರಿಗೂ ಹೇಳಲಿಲ್ಲ. ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ನಮ್ಮನ್ನು ನೋಡಿದ್ದು ಬಲೆ ಎಳೆಯಲು ಬಂದ ಮೊಗವೀರ ಹೆಂಗಸೊಬ್ಬಳು. ಅವಳು ನನ್ನನ್ನು ಚಿಕ್ಕಂದಿನಿಂದ ಬಲ್ಲವಳು. ಮಗುವನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ಅಣ್ಣನ ಮನೆಗೆ ತಲುಪಿಸಿದಳು. ವೀಣಾಳ ಎರಡೂ ಜಡೆಗೆ ಇಸ್ತ್ರಿ ಮಾಡಿದ ರಿಬ್ಬನ್ ಕಟ್ಟಿದ್ದೆ. ಕಾಲಿಗೆ ಚಪ್ಪಲಿ ಹಾಕಿಸಲು ಮರೆತಿದ್ದೆ. ಅವಳ ಪಾದದಲ್ಲಿ ಚಿಪ್ಪು ಕೊಯ್ದ ಗಾಯವಿತ್ತು. ಆಗ ಅವಳಿಗೆ ಐದು ವರ್ಷ.

ಮರುದಿನವೇ ಇವರ ಅಕ್ಕ ಪದ್ಮಕ್ಕ ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಬಂದು ವೀಣಾಳನ್ನು ಕರೆದುಕೊಂಡು ಹೋದಳು. ಪದ್ಮಕ್ಕ ಕೆಟ್ಟವಳಲ್ಲ. ನನ್ನ ಮಗುವಿನ ಬಟ್ಟೆಗಳನ್ನು ಮಡಚುವಾಗ ನನ್ನ ಮುಖ ನೋಡದಷ್ಟು ಒಳ್ಳೆಯವಳು. “ನೀನು ನಿದ್ರೆ ಮಾಡು ವಸಂತಿ. ನಿದ್ರೆ ಸರಿಯಾದರೆ ಜೂನ್‌ಗೆ ಶಾಲೆ ಶುರುವಾಗುವಾಗ ಕಳಿಸ್ತೇನೆ. ಇಲ್ಲದಿದ್ದರೆ ಅಲ್ಲಿಯೇ ಸೇರಿಸುವುದು,” ಎಂದಳು. ಹಾಗೆ ನನ್ನ ಮಗಳು ನನ್ನ ನಿದ್ರೆಯ ಮೇಲೆ ನಿಂತಳು. ನಿದ್ರೆ ಮಾಡಲೇಬೇಕು ಎಂದು ಹಟ ಹಿಡಿದು ನೀವು ಎಂದಾದರೂ ಮಲಗಿದ್ದೀರಾ? ಮಲಗಿ ನೋಡಿ, ಗೊತ್ತಾಗುತ್ತದೆ.

ಡಾಕ್ಟರು ಹೇಳಿದ್ದನ್ನೆಲ್ಲ ನಾನು ಮಾಡಿದೆ. ಹತ್ತಕ್ಕೆ ಹಾಸಿಗೆ, ಐದಕ್ಕೆ ಏಳುವುದು, ನಾಲ್ಕರ ಮೇಲೆ ಕಾಫಿ ಇಲ್ಲ. ಎಷ್ಟು ಹೊತ್ತು ನಿದ್ರೆ ಬಂತೆಂದು ದಿನಾ ಬರೆದಿಡಬೇಕು. ಅದಕ್ಕೆಂದೇ ಒಂದು ನೋಟ್‌ಬುಕ್ ಮಾಡಿ, ಕಾನ್ವೆಂಟಿನಲ್ಲಿ ಕಲಿತ ಹಾಗೆ ಎಡಕ್ಕೆ ಅಂಚು ಬಿಟ್ಟು, ಕೆಂಪು ಶಾಯಿಯಲ್ಲಿ ಗೀಟು ಎಳೆದು, ಡಾಕ್ಟರು ಹೇಳಿದ ಒಂದೊಂದು ಮಾತನ್ನೂ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ದುಂಡಗೆ ಬರೆದಿದ್ದೆ. ನೀರು ಧಾರಾಳ ಕುಡಿಯಬೇಕು, ಊಟ ಉಪ್ಪು ಯಾವತ್ತಿನ ಹಾಗೆಯೇ ಇರಬೇಕು ಎಂಬ ಮಾತೂ ಅಲ್ಲಿತ್ತು. ಅದರ ಕೆಳಗೆ ಸ್ಕೇಲು ಇಟ್ಟು ಅಡಿಗೆರೆ ಕೂಡ ಹಾಕಿದ್ದೆ. ಸಿಸ್ಟರ್ ಅಗಾಥಾ ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಆದರೆ ನಮಗೆ ಅಲ್ಲಿ ಕಲಿಸಿದ್ದು ಅಂದವಾಗಿ ಬರೆಯಲು, ಬರೆದದ್ದನ್ನು ತಿರುಗಿ ಓದಲು ಅಲ್ಲ ಎಂದು ಈಗ ಅನಿಸುತ್ತದೆ. ತಪ್ಪು ಅವರದಲ್ಲ, ಓದದೆ ಇದ್ದವಳು ನಾನು.

ಏನನ್ನಾದರೂ ಬಿಡುವ ಅಭ್ಯಾಸ ನನಗೆ ಎರಡು ಕಡೆಯಿಂದ ಬಂದದ್ದು. ಒಂದು, ಕಾಪುವಿನ ಅಜ್ಜಿಯಿಂದ. ಚಾತುರ್ಮಾಸ್ಯ ಬಂತೆಂದರೆ ಅಜ್ಜಿಗೆ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರು ಇಲ್ಲ, ಮುಂದಿನದಕ್ಕೆ ಹಾಲು ಇಲ್ಲ, ಕೊನೆಗೆ ಬೇಳೆಯೂ ಇಲ್ಲ. ಕಾಶಿಗೆ ಹೋದಾಗ ಇಷ್ಟದ್ದು ಒಂದು ಬಿಡಬೇಕಲ್ಲ, ಅಜ್ಜಿ ಕಾಫಿ ಬಿಟ್ಟೆ ಎಂದು ಊರಿಗೆಲ್ಲ ಹೇಳಿದರು. “ಬಿಟ್ಟದ್ದು ಎರಡನೇ ಲೋಟ,” ಎಂದು ಅಜ್ಜ ಮಜ್ಜಿಗೆ ಕಲಸುತ್ತಾ ತಿದ್ದುತ್ತಿದ್ದರು. ಇನ್ನೊಂದು, ಕಾನ್ವೆಂಟಿನಿಂದ. ಈಸ್ಟರಿನ ಮೊದಲಿನ ನಲವತ್ತು ದಿನ ನನ್ನ ಬೆಂಚಿನ ಲಿಲ್ಲಿ ಸಿಹಿ ಬಿಡುತ್ತಿದ್ದಳು. ಅವಳೊಟ್ಟಿಗೆ ನಾನೂ ಬೆಲ್ಲ ಬಿಟ್ಟೆ. ಮನೆಯಲ್ಲಿ ಪಾಯಸ ಬೇಡವೆಂದಾಗ ಅಜ್ಜಿ ಕಾರಣ ಕೇಳಿದರು, ಹೇಳಿದೆ. ಅಮ್ಮ ಬೈಯಲು ಬಾಯಿ ತೆರೆಯುವ ಮೊದಲೇ ಅಜ್ಜಿ, “ಇರಲಿ ಬಿಡು. ಯಾರ ದೇವರಿಗೆ ಬಿಟ್ಟರೂ ಬಿಟ್ಟದ್ದು ಬಿಟ್ಟದ್ದೇ,” ಎಂದು ನನ್ನ ಪಾಲಿನ ಪಾಯಸವನ್ನು ತಾವೇ ಉಂಡರು.

ಹಾಗಾಗಿ ಏಪ್ರಿಲಿನಲ್ಲಿ ಮತ್ತೆ ನಿದ್ರೆ ಒಡೆಯಲು ಶುರುವಾದಾಗ ನಾನು ಮಾಡಿದ್ದು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ. ದೇವಸ್ಥಾನದಲ್ಲಿ ಮಹಿಷಮರ್ದಿನಿಯ ಎದುರು ನಿಂತು, ವೀಣಾ ಮನೆಗೆ ಬರುವವರೆಗೆ ಉಪ್ಪು ಮುಟ್ಟುವುದಿಲ್ಲ, ನನಗೆ ನಿದ್ರೆ ಕೊಡು ಎಂದು ಹೇಳಿಕೊಂಡೆ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಇಲ್ಲ ಎಂದು ಯಾರಿಗೂ ಹೇಳಲಿಲ್ಲ. ಅಡಗಿಸುವುದು ಕಷ್ಟವೂ ಆಗಲಿಲ್ಲ. ಉಪ್ಪು ಬೀಳುವುದು ಕೊನೆಗೆ. ಅದಕ್ಕೆ ಮೊದಲು ನನ್ನ ಪಾಲು ತೆಗೆದಿಟ್ಟರೆ ಆಯಿತು. ನಾನು ಉಣ್ಣುವುದು ಇವರು ಉಂಡೆದ್ದ ಮೇಲೆ. ಯಾರು ನೋಡಬೇಕು?

ದೇವಿ ಬಹಳ ಬೇಗ ಒಲಿದಳು. ಎರಡು ವಾರ ಕಳೆಯುವಾಗ ಏಳು ಗಂಟೆ ನಿದ್ರೆ. ನಾಲ್ಕನೆಯ ವಾರ ಒಂಬತ್ತು. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಗೆರಸೆಯ ಮೇಲೆಯೇ ತೂಕಡಿಸುವಷ್ಟು ನಿದ್ರೆ. ನೋಟ್‌ಬುಕ್ಕಿನಲ್ಲಿ ಒಂದು ಅಂಕಿಯನ್ನೂ ನಾನು ಸುಳ್ಳು ಬರೆಯಲಿಲ್ಲ. ಬರೆದ ಅಕ್ಷರ ಮಾತ್ರ ದಿನದಿಂದ ದಿನಕ್ಕೆ ಸೊಟ್ಟಗಾಗುತ್ತಿತ್ತು. ಅದು ಸೆಕೆಯಿಂದ ಎಂದುಕೊಂಡೆ. ಹೊಟ್ಟೆ ಕೆಟ್ಟದ್ದು ಮಾವಿನ ಹಣ್ಣಿನಿಂದ, ಬಾಯಿ ಒಣಗುವುದು ಉರಿಬಿಸಿಲಿನಿಂದ, ಕೈ ನಡುಗುವುದು ಮಗಳು ಬರುತ್ತಾಳೆಂಬ ಸಂತೋಷದಿಂದ. ನೋಡಿ, ಎಲ್ಲದಕ್ಕೂ ಒಂದೊಂದು ಕಾರಣ ನನ್ನ ಹತ್ತಿರ ಸಿದ್ಧವಿತ್ತು.

ಆ ಬೆಳಿಗ್ಗೆ ನಾವು ಮಣಿಪಾಲಕ್ಕೆ ಹೊರಟದ್ದು ತಿಂಗಳ ತಪಾಸಣೆಗೆ. ಡಾಕ್ಟರು ಸರಿ ಎಂದರೆ ಶನಿವಾರ ಇವರು ಕುಕ್ಕುಂದೂರಿಗೆ ಹೋಗಿ ವೀಣಾಳನ್ನು ಕರೆತರುವುದೆಂದು ಮಾತಾಗಿತ್ತು. ನಾನು ಅಂಗಳ ದಾಟುವಾಗ ಪಕ್ಕದ ಮನೆಯ ಗಿರಿಜಾ ಟೀಚರು ಪಾಗಾರದ ಗೋಡೆಯ ಆಚೆ ಬಟ್ಟೆ ಹಿಂಡುತ್ತಿದ್ದರು. ಹತ್ತಿರದ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು, ಎಲ್ಲರನ್ನೂ ಒಂದನೇ ಕ್ಲಾಸಿನವರ ಹಾಗೆಯೇ ಕಾಣುವವರು.

“ಎಂತ ವಸಂತಿ, ದೋಣಿಯಲ್ಲಿ ನಡೆದ ಹಾಗೆ ನಡೀತೀರಿ?”

“ನಿದ್ರೆ ಜಾಸ್ತಿಯಾದದ್ದು ಟೀಚರ್,” ಎಂದೆ, ಹೆಮ್ಮೆಯಿಂದ.

ಅವರು ಹಿಂಡುವುದನ್ನು ನಿಲ್ಲಿಸಿ ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಬಸ್ಸಿನಲ್ಲಿ ವಾಂತಿ ಬಂತು. “ಡೀಸೆಲ್ ವಾಸನೆಗೆ,” ಎಂದು ಇವರೇ ನನ್ನ ಪರವಾಗಿ ಹೇಳಿ ಕಿಟಕಿಯ ಸೀಟು ಕೊಟ್ಟರು. ಡಾಕ್ಟರ ಕೋಣೆಗೆ ಹೋದವಳು ಮೊದಲು ಮಾಡಿದ ಕೆಲಸವೆಂದರೆ ನೋಟ್‌ಬುಕ್ ಅವರ ಮುಂದಿಟ್ಟದ್ದು. ಮಾರ್ಕಿಗಾಗಿ ಕಾಯುವ ಹುಡುಗಿಯ ಹಾಗೆ ಕುರ್ಚಿಯ ತುದಿಯಲ್ಲಿ ಕೂತೆ. ಡಾಕ್ಟರು ಅಂಕಿಗಳನ್ನು ನೋಡಲೇ ಇಲ್ಲ, ಅಕ್ಷರಗಳನ್ನು ನೋಡಿದರು. ಮೊದಲ ಪುಟ ತಿರುಗಿಸಿ, ಕೊನೆಯ ಪುಟ ತಿರುಗಿಸಿ, ಮತ್ತೆ ಮೊದಲ ಪುಟಕ್ಕೆ ಬಂದರು.

“ಎರಡೂ ಕೈ ಮುಂದೆ ಚಾಚಿ,” ಎಂದರು. ಚಾಚಿದೆ. ಮೇಜಿನ ಮೇಲಿದ್ದ ಒಂದು ಬಿಳಿ ಹಾಳೆಯನ್ನು ನನ್ನ ಬೆರಳುಗಳ ಮೇಲೆ ಇಟ್ಟರು. ಫ್ಯಾನು ನಿಂತಿತ್ತು, ಕರೆಂಟು ಇರಲಿಲ್ಲ. ಆದರೂ ಹಾಳೆ ಪಟಪಟ ಹೊಡೆದುಕೊಂಡಿತು. ಹಕ್ಕಿಯನ್ನು ಹಿಡಿದುಕೊಂಡ ಹಾಗೆ. ನನ್ನ ಕೈಯನ್ನು ನಾನೇ ಬೆಪ್ಪಾಗಿ ನೋಡುತ್ತಾ ಕೂತೆ.

“ಹೆಸರು ಹೇಳಿ ನಿಮ್ಮದು.”

ಹೇಳಿದೆ. ಬಾಯಲ್ಲಿ ಹತ್ತಿ ಇಟ್ಟುಕೊಂಡವಳ ಹಾಗೆ ಕೇಳಿಸಿತು. ಪಕ್ಕದಲ್ಲಿದ್ದ ಇವರು ತಟ್ಟನೆ ನನ್ನ ಕಡೆ ತಿರುಗಿದರು. ಮನೆಯಲ್ಲಿ ನನ್ನ ಹೆಸರು ನಾನು ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ.

“ಭೇದಿ ಉಂಟಾ? ವಾಂತಿ?”

“ಸ್ವಲ್ಪ. ಮಾವಿನ ಹಣ್ಣು...”

“ಮಾವಿನ ಹಣ್ಣು ಇರಲಿ. ಊಟ ಸರಿಯಾಗಿ ಮಾಡ್ತೀರಾ? ಎಂತದಾದರೂ ವ್ರತ ಗಿರತ ಹಿಡಿದುಕೊಂಡಿದ್ದೀರಾ?”

ಡಾಕ್ಟರು ನಮ್ಮ ಕಡೆಯವರೇ. ಅವರಿಗೆ ಎಲ್ಲಿ ಕೈ ಹಾಕಬೇಕು ಎಂದು ಗೊತ್ತಿತ್ತು. ಹೇಳಿದರೆ ಹರಕೆಯ ಫಲ ಹೋಗುತ್ತದೆ. ಹೇಳದೆ ಇರಲು ಕಾನ್ವೆಂಟಿನಲ್ಲಿ ಕಲಿತಿಲ್ಲ. ಕೊನೆಗೆ ನೆಲ ನೋಡಿಕೊಂಡು, “ಉಪ್ಪು ಬಿಟ್ಟಿದ್ದೇನೆ,” ಎಂದೆ.

“ಎಷ್ಟು ದಿನ ಆಯ್ತು?”

“ಇವತ್ತಿಗೆ ಮೂವತ್ತೆಂಟು.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ನೋಡಿಯಮ್ಮ, ನಿಮಗೆ ಕೊಡುವ ಮಾತ್ರೆ ಲಿಥಿಯಂ. ಅದೂ ಒಂದು ಜಾತಿಯ ಉಪ್ಪೇ. ಅಡುಗೆಯ ಉಪ್ಪು ದೇಹಕ್ಕೆ ಸಿಗದೆ ಹೋದರೆ ಕಿಡ್ನಿ ಇದನ್ನು ಹೊರಗೆ ಬಿಡುವುದಿಲ್ಲ, ಹಿಡಿದು ಇಟ್ಟುಕೊಳ್ತದೆ. ಮೇಲಿಂದ ಈ ಸೆಕೆ, ಬೆವರು, ಭೇದಿ. ದಿನಾ ಸ್ವಲ್ಪ ಸ್ವಲ್ಪ ಸೇರಿ ಈಗ ನಿಮ್ಮ ರಕ್ತದಲ್ಲಿ ಇರಬೇಕಾದದ್ದಕ್ಕಿಂತ ಬಹಳ ಜಾಸ್ತಿ ಇರಬೇಕು. ಇನ್ನೊಂದು ವಾರ ಬಿಟ್ಟು ಬರ್ತಿದ್ದರೆ...” ಅಲ್ಲಿಗೆ ನಿಲ್ಲಿಸಿ ನರ್ಸನ್ನು ಕರೆದರು.

ನಾನು ಕೇಳಿದ್ದು ಒಂದೇ. “ಹಾಗಾದರೆ ನನ್ನ ನಿದ್ರೆ?”

“ಅದು ನಿದ್ರೆ ಅಲ್ಲಮ್ಮ. ವಿಷ ಏರಿದ್ದು.”

ಕೋಣೆಯಲ್ಲಿ ಎಲ್ಲವೂ ಇದ್ದ ಹಾಗೆಯೇ ಇತ್ತು. ಮೇಜಿನ ಗಾಜಿನ ಕೆಳಗೆ ಯಾರದೋ ವಿಸಿಟಿಂಗ್ ಕಾರ್ಡು, ಗೋಡೆಯಲ್ಲಿ ಕ್ಯಾಲೆಂಡರು, ಕ್ಯಾಲೆಂಡರಿನ ಮೊಳೆಯ ಸುತ್ತ ಸುಣ್ಣ ಉದುರಿದ ಗುರುತು. ಅದನ್ನೆಲ್ಲ ಒಂದೊಂದಾಗಿ ನೋಡಿದೆ. ಏಳು ಗಂಟೆ, ಎಂಟು ಗಂಟೆ, ಒಂಬತ್ತು ಗಂಟೆ ಎಂದು ಕೆಂಪು ಗೀಟಿನ ಈಚೆ ಬರೆದದ್ದೆಲ್ಲ, ಬೆಳಿಗ್ಗೆ ಎದ್ದು ದೇವಸ್ಥಾನದ ಕಡೆ ಮುಖ ಮಾಡಿ ಕೈ ಮುಗಿದದ್ದೆಲ್ಲ, ವಿಷಕ್ಕೆ. ಸಾಯುವುದನ್ನು ನಾನು ಅಂದವಾಗಿ ಅಂಚು ಬಿಟ್ಟು ಬರೆದಿಟ್ಟಿದ್ದೆ.

ಡಾಕ್ಟರು ಇವರ ಕಡೆ ತಿರುಗಿದರು. “ಒಂದೇ ಮನೆಯಲ್ಲಿ ಅಲ್ವಾ ಊಟ? ನಿಮಗೂ ಗೊತ್ತಾಗಲಿಲ್ವಾ?”

ದಿನವಿಡೀ ಬೇರೆಯವರ ತಪ್ಪು ಹುಡುಕುವುದೇ ಕೆಲಸವಾದ ನಮ್ಮವರು, ಅಂಗಿಯ ಕಿಸೆಯ ಕೆಂಪು ಪೆನ್ನನ್ನು ಮುಟ್ಟಿಕೊಂಡು ಸಣ್ಣ ಸ್ವರದಲ್ಲಿ, “ನಾನು ಮೊದಲು ಉಂಡು ಹೋಗುವುದು ಡಾಕ್ಟ್ರೆ. ಅವಳು ಉಣ್ಣುವುದು ನಾನು ನೋಡಿಯೇ ಇಲ್ಲ,” ಎಂದರು. ಹೇಳಿ ಮುಗಿದ ಮೇಲೆ ಅವರಿಗೆ ತಾವು ಹೇಳಿದ್ದು ಕೇಳಿಸಿತು. ಮದುವೆಯಾಗಿ ಎಂಟು ವರ್ಷ ಆಗಿತ್ತು.

ರಕ್ತ ತೆಗೆದು ವಾರ್ಡಿನಲ್ಲಿ ಮಲಗಿಸಿದರು. ಮಾತ್ರೆ ಸದ್ಯಕ್ಕೆ ಬಂದ್. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗಿಸಿದ ನರ್ಸಿನ ಹತ್ತಿರ ಅದರಲ್ಲಿ ಏನುಂಟು ಎಂದು ಕೇಳಿದೆ. “ಸಲೈನ್. ಉಪ್ಪುನೀರು,” ಎಂದಳು. ನಾನು ಎದ್ದು ಕೂರಲು ನೋಡಿದೆ. ಅವಳು ಭುಜ ಒತ್ತಿ ಮಲಗಿಸಿದಳು. ಮೂವತ್ತೆಂಟು ದಿನ ನಾಲಗೆಗೆ ತಾಗಿಸದೆ ಕಾದದ್ದು ಈಗ ತೊಟ್ಟು ತೊಟ್ಟಾಗಿ ನರದೊಳಗೆ ಹೋಗುತ್ತಿತ್ತು. ಹರಕೆ ಮುರಿಯಿತೋ ಇಲ್ಲವೋ ಎಂದು ಲೆಕ್ಕ ಹಾಕಿದೆ. ನಾನು ಹೇಳಿಕೊಂಡದ್ದು ಬಾಯಿಯ ಉಪ್ಪಿನ ಬಗ್ಗೆ, ನರದ ಬಗ್ಗೆ ಅಲ್ಲ ಎಂದು ವಕೀಲರ ಹಾಗೆ ದೇವಿಯ ಹತ್ತಿರ ವಾದ ಮಾಡಿದೆ. ಅಂಥ ಹೊತ್ತಿನಲ್ಲೂ ತಲೆ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.

ಸಂಜೆಯಾಗುತ್ತಾ ಇವರು ಕಾರ್ಕಳಕ್ಕೆ ಫೋನ್ ಮಾಡಲು ಕೆಳಗೆ ಹೋದರು. ಪದ್ಮಕ್ಕನ ಮನೆಯ ಎದುರಿನ ಅಂಗಡಿಯಲ್ಲಿ ಫೋನ್ ಇತ್ತು, ಅವಳನ್ನು ಕರೆಸಿ ಮಾತಾಡಬೇಕು. ಬಹಳ ಹೊತ್ತು ಬಿಟ್ಟು ಬಂದರು. ಸ್ಟೂಲಿನ ಮೇಲೆ ಕೂತು ಚಪ್ಪಲಿ ನೋಡಿಕೊಂಡರು.

“ಎಂತ ಹೇಳಿದಳು?”

“ಈ ವರ್ಷ ಅಲ್ಲಿಯೇ ಇರಲಿ ಹೇಳ್ತಾಳೆ. ಅಲ್ಲಿಯ ಶಾಲೆಯಲ್ಲಿ ಮಾತಾಡಿ ಆಗಿದೆಯಂತೆ.”

“ನೀವು ಎಂತ ಹೇಳಿದಿರಿ?”

“ಎಂತ ಹೇಳುವುದು ವಸಂತಿ. ಮಗು ಹತ್ತಿರ ಇತ್ತು, ಫೋನ್ ಕೊಡಲಾ ಕೇಳಿದಳು. ಬೇಡ ಹೇಳಿದೆ.”

ಅವರು ಬೇಡ ಎಂದದ್ದು ಯಾಕೆಂದು ನನಗೆ ತಿಳಿಯಿತು. ಅಮ್ಮ ಎಲ್ಲಿ ಎಂದು ಕೇಳಿದರೆ ಹೇಳಲು ಏನಿತ್ತು? ಈ ವರ್ಷ ಅಲ್ಲಿ ಒಂದನೇ ಕ್ಲಾಸು. ಆಮೇಲೆ ಅಲ್ಲಿಯೇ ಗೆಳತಿಯರು, ಅಲ್ಲಿಯೇ ಎರಡನೇ ಕ್ಲಾಸು. ರಜೆಗೆ ಬಂದು ಹೋಗುವ ನೆಂಟಳಾಗುತ್ತಾಳೆ. ನಮ್ಮ ಮನೆಯ ಬಚ್ಚಲು ಎಲ್ಲಿ ಎಂದು ಕೇಳಿದರೂ ಕೇಳಬಹುದು. ಪದ್ಮಕ್ಕನ ಜಾಗದಲ್ಲಿ ನಾನಿದ್ದರೂ, ಬಂಡೆಯ ಮೇಲೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿದವಳ ಕೈಗೆ, ನಿದ್ರೆಗೂ ವಿಷಕ್ಕೂ ವ್ಯತ್ಯಾಸ ತಿಳಿಯದವಳ ಕೈಗೆ, ಕೊಡುತ್ತಿರಲಿಲ್ಲ. ಅಳು ಬರಲಿಲ್ಲ. ಬಾಟಲಿಯಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಾ ಮಲಗಿದೆ.

ಆಗ ಗಿರಿಜಾ ಟೀಚರು ಬಂದರು. ಇವರು ಪ್ರೆಸ್ಸಿಗೆ ಕಳಿಸಿದ ಸುದ್ದಿ ಓಣಿಗೂ ತಲುಪಿತ್ತು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಟಿಫಿನ್ ಕ್ಯಾರಿಯರು. ಹಾಸಿಗೆಯ ಬದಿಯಲ್ಲಿ ಕೂತು ಮುಚ್ಚಳ ತೆಗೆದರು. ಗಂಜಿ, ಹೆಸರುಕಾಳಿನ ಚಟ್ನಿ.

“ಉಪ್ಪು ಹಾಕಿದ್ದೇನೆ. ಹಾಕಿದ್ದೇನೆ ಅಂತ ಹೇಳಿಯೇ ಕೊಡ್ತಿದ್ದೇನೆ, ಮತ್ತೆ ನನ್ನ ಮೇಲೆ ಪಾಪ ಹಾಕಬೇಡಿ.”

“ನಿಮಗೆ ಯಾರು ಹೇಳಿದ್ದು?”

“ಪ್ರೆಸ್ಸಿನ ಹುಡುಗ ಬಂದು ಎಲ್ಲ ಹೇಳಿದ. ಅಲ್ಲ ಮಾರಾಯ್ರೆ, ಬಿಡಲಿಕ್ಕೆ ಬೇರೆ ಎಂತದೂ ಸಿಗಲಿಲ್ವಾ ನಿಮಗೆ? ಹಾಗಲಕಾಯಿ ಬಿಡಬಹುದಿತ್ತು.”

ಇವರು ಸ್ಟೂಲಿನಿಂದ ಎದ್ದು ನಿಂತರು. ನಾನು ಒಂದು ಚಮಚ ಗಂಜಿ ಬಾಯಿಗೆ ಇಟ್ಟುಕೊಂಡೆ. ಉಪ್ಪಿನ ರುಚಿ ಎಷ್ಟು ಜೋರಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಅದು ಗಂಜಿಯಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

“ಮಗು ಯಾವಾಗ ಬರ್ತಾಳೆ?” ಟೀಚರು ಇವರನ್ನು ಕೇಳಿದರು. “ನನ್ನ ಕ್ಲಾಸಿಗೆ ಹೆಸರು ಹಿಡಿದಿಟ್ಟಿದ್ದೇನೆ.”

“ಇನ್ನು ಎಲ್ಲಿ ಟೀಚರ್,” ಎಂದರು ಇವರು. “ಅಕ್ಕನ ಮನೆಯಲ್ಲಿ ಇರಲಿ ಅಂತ. ಇಂಥ ಮಾತ್ರೆ ತಿನ್ನುವವಳು ಮಗುವನ್ನು ನೋಡಿಕೊಳ್ಳುವುದು ಅಂದರೆ...” ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ, ಸೋಲು ಇತ್ತು. ವಾಕ್ಯ ಮುಗಿಸದೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು.

ಟೀಚರು ಖಾಲಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, ಕ್ಯಾರಿಯರಿನ ಕೊಂಡಿ ಬಿಗಿದು, ಕಿಟಕಿಯಿಂದ ಬಸ್‌ಸ್ಟ್ಯಾಂಡಿನ ಕಡೆ ಬಗ್ಗಿ ನೋಡಿದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡುತ್ತಾ, ನಾಳೆ ಹಾಲಿನವನಿಗೆ ಹೇಳಬೇಕಾದ್ದನ್ನು ಹೇಳುವ ಹಾಗೆ ಹೇಳಿದರು:

“ಮಾತ್ರೆ ಮತ್ತೆ ಶುರು ಮಾಡುವಾಗ ಖಾಲಿ ಹೊಟ್ಟೆಗೆ ಬೇಡ ವಸಂತಿ, ಉಂಡ ಮೇಲೆ ತಗೊಳ್ಳಿ. ನಾನು ಹಾಗೇ ತಗೊಳ್ಳುವುದು. ಅದೇ ಬಿಳಿ ಮಾತ್ರೆ, ನನಗೆ ಹತ್ತು ವರ್ಷ ಆಯ್ತು, ನಮ್ಮ ಮಕ್ಕಳಿಬ್ಬರೂ ಅದರ ಮಧ್ಯದಲ್ಲಿಯೇ ದೊಡ್ಡವರಾದದ್ದು. ಬರ್ತೇನೆ, ಬಸ್ಸು ಬಂತು.”